ಅಗ್ನಿಮೂಲಿಗೆ ಒಂದು ಕೂದಲೆಳೆ

ಲಿಂಗಸುಗೂರಿನಿಂದ ಯಂಕೋಬ ಬರಬೇಕಂದ್ರ
ಮುನ್ನೂರೈವತ್ತು, ಪೆಟ್ರೋಲು ಬ್ಯಾರೆ.
ಬಂದ, ಹತ್ತಿದ, ಡಿಶ್ಶಿನ ಮಗ್ಗಲಿಗೆ ಒಂದು ಏಟು ಹಾಕಿದ,
ಇಳಿದ. ಚಾ ಕುಡಿದ.
ಹದಿನೈದು ದಿನಕ್ಕ ಮತ್ತ ಚಿತ್ರ ಚೌಕ ಚೌಕ,
ಸುದ್ದಿ ಓದಾಕಿಯ ಬಾಯಿ ಒಂದು ಕಡೆ, ಮಾತು ಒಂದು ಕಡೆ.

ಅದಕ್ಕ ಈ ಸಲ ನಾನೇ ಹತ್ತಿದೆ,
ನೆರಿಗಿ ಸಿಗಿಸಿ, ಹನ್ನೊಂದು ನಂಬರಿನ ಪಾನಾ ಹಿಡಿದು.
ಹಟ್ಟಿ ಕ್ಯಾಂಪಿನ ಮಾಳಿಗಿ, ಮೂರರ ಬಿಸಿಲು.
ಚಪ್ಪಲಿ ಬಿಟ್ಟು ಹತ್ತಿದ್ದು ತಪ್ಪಾತು.

ಮದಲು ತಂತಿ ನೋಡಿದೆ.
ತುದಿಯ ತಾಮ್ರಕ್ಕ ಹಸಿರು ಹತ್ತಿತ್ತು,
ಹಬ್ಬಕ್ಕಷ್ಟೇ ತಿಕ್ಕೋ ಹರಿವಾಣದಂಗ.
ಬಟ್ಟುದ್ದ ಕತ್ತರಿಸಿ ಹೊಸ ತುದಿ ಬಿಡಿಸಿದೆ,
ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿದೆ,
ಮಳಿನೀರು ಸೋರಿ ಹೋಗಲಿ ಅಂತ
ಜೋಲಿಯಂಗ ಸ್ವಲ್ಪ ಕೆಳಗ ಇಳಿಬಿಟ್ಟೆ.
ಕಣ್ಣಿನ ಮುಚ್ಚಳದಾಗ ಕಣಜದ ಹುಳ ಮಣ್ಣಿನ ಮನಿ ಕಟ್ಟಿತ್ತು.
ಕೆಡವಿದೆ. ಪಾಪ ಅನಿಸಿತು.

ಕಂಬ ನೆಟ್ಟಗೈತೇನು?
ದಾರಕ್ಕ ನಟ್ಟು ಕಟ್ಟಿ ತೂಗಿಬಿಟ್ಟು ನೋಡಿದೆ,
ಗೌಂಡಿ ಕೆಲಸದ ನಮ್ಮಪ್ಪನ ವಿದ್ಯಾ.
ಆಮ್ಯಾಲ ದಿಕ್ಕು: ಅಗ್ನಿಮೂಲಿ.
ಒಲಿ ಇಡಬೇಕಾದ ಮೂಲಿ ಅದು.
ಈ ಕ್ವಾರ್ಟರ್ಸಿನಾಗ ಒಲಿ ವಾಯುವ್ಯಕ್ಕೈತಿ ಅಂತ
ಅತ್ತಿ ಹನ್ನೊಂದು ವರ್ಷದಿಂದ ಗೊಣಗತಾಳ.
ಡಿಶ್ಶಾದ್ರೂ ಶಾಸ್ತ್ರ ಕೇಳ್ತು.

ಟೀವಿ ಮುಂದ ಅತ್ತಿ, ಹೊಸ್ತಿಲದಾಗ ಪಕ್ಕದ ಮನಿ ಮೈಮುನ್ನಿ,
ಮ್ಯಾಲ ನಾನು.
"ಬಂತೇನು?"
"ಬಂತೇನಜ್ಜಿ?"
"ಒಂದು ಪಟ್ಟಿ ತುಂಬೈತಂತ, ಇನ್ನೊಂದು ಖಾಲಿಯಂತ!"
ಬಲ ಐತಿ, ಗುಣ ಇಲ್ಲ.
ಅಂದ್ರ ಇದು ಇನ್ಯಾರದೋ ಮಾತಿಗೆ ಕಿವಿ ಕೊಟ್ಟೈತಿ.
ಒಂದು ಕೂದಲೆಳೆ ಎಡಕ್ಕ ಸರಿಸಿದೆ. ಹತ್ತು ಎಣಿಸಿದೆ.
ಪೆಟ್ಟಿಗಿಗೂ ವಿಚಾರ ಮಾಡಾಕ ಹೊತ್ತು ಬೇಕು,
ಯಂಕೋಬ ಅದನ್ನ ಕೊಡ್ತಿರಲಿಲ್ಲ.
ಇನ್ನೊಂದು ಎಳೆ.
"ಬಂತ್ ಬಂತ್ ಬಂ... ಹೋತು!"
ಅರ್ಧ ಎಳೆ ಹಿಂದಕ್ಕ.
"ಅರವತ್ತೆರಡು!"
ಕಣ್ಣನ್ನ ಅದರ ಹಿಡಿಕೆಯೊಳಗ ಚೂರು ತಿರುವಿದೆ,
ಮುಲುಗೋ ಕೂಸಿನ ತಲಿ ತಿರುಗಿಸಿದಂಗ.
"ಎಪ್ಪತ್ತೊಂಬತ್ತು! ಸಾಕಂತಾಳ ಅಜ್ಜಿ, ಇಳೀಬೇಕಂತ!"

ಇಳೀತಿದ್ದೆ.
ಯಂಕೋಬ ಹೋದ ಸಲ ಎಳೆದ ಗೆರಿ ಕಣ್ಣಿಗೆ ಬಿತ್ತು,
ನಟ್ಟು ಅದರಿಂದ ಉಗುರಗಲ ದೂರ.
ಗಾಳಿ ಅಂತಿದ್ದೆ. ಮಂಗ್ಯಾ ಅಂತಿದ್ದೆ.
ಓಣಿಯ ಹುಡುಗರನ್ನ ಬೈದಿದ್ದೆ.
ಅಷ್ಟರಾಗ ನಾಲ್ಕಾತು.
ಬರಿಗಾಲ ಅಡಿಗೆ ಮಾಳಿಗಿ ಒಮ್ಮೆ ಗುದ್ದಿತು,
ಪಾನಾ ಟಣ್ ಅಂತು,
ನಟ್ಟು ನನ್ನ ಕಣ್ಣೆದುರಿಗೇ
ಒಂದು ಅಕ್ಕಿಕಾಳಿನಷ್ಟು ಸಡಿಲಾತು.

ಎರಡು ಸಾವಿರ ಅಡಿ ಕೆಳಗ
ಮದ್ದು ತುಂಬಿ ಹಾರಿಸಿದವರು ನಮ್ಮವರು.
ಹನ್ನೊಂದು ವರ್ಷಾತು, ಆ ಗುದ್ದು ನನಗ ಕೇಳಂಗೇ ಇಲ್ಲ.
ಕೆಳಗ ಬಂಗಾರಕ್ಕ ಕಲ್ಲು ಒಡದಾಗೆಲ್ಲ
ಮ್ಯಾಲ ನಮ್ಮ ಪಾಲಿನ ಆಕಾಶ ಚೂರು ಚೂರೇ ಜಾರತಿತ್ತು.
ಯಂಕೋಬನ ಮುನ್ನೂರೈವತ್ತು
ಇನ್ನ ಯಾರ ಪಗಾರದಾಗ ಹಿಡೀಲಿ?

ಟ್ಯೂಬಿನ ಬಿಲ್ಲೆ ಕತ್ತರಿಸಿ ಬುಡಕ್ಕ ಹಾಕಿದೆ,
ನಟ್ಟಿನ ಮ್ಯಾಲ ಇನ್ನೊಂದು ನಟ್ಟು,
ಮೈಮುನ್ನಿ ತಂದ ಉಗುರುಬಣ್ಣ ಅದರ ಮ್ಯಾಲ,
ಕೆಂಪಗ, ದಪ್ಪಗ.

ಮರುದಿನ ನಾಲ್ಕಕ್ಕ ಚಿತ್ರ ಕದಲಲಿಲ್ಲ.
ಯಾರೋ ಯಾರನ್ನೋ ಕಣ್ಣೀರು ಹಾಕ್ಕೊಂಡು ಕ್ಷಮಿಸಾಕತ್ತಿದ್ರು,
ಒಂದೊಂದು ಹನಿನೂ ಎಣಿಸಬಹುದಿತ್ತು. ಅತ್ತಿ ಎಣಿಸಿದಳು.
ನಾನು ಕಾಲು ಮಡಚಿ ಕೂತವಳು ಏಳಲೇ ಇಲ್ಲ.
ಅವರು ಬಾಗಿಲದಾಗ ನಿಂತು,
ರೆಪ್ಪಿತುಂಬ ಬೂದಿಬಣ್ಣದ ಕಲ್ಲಧೂಳು,
"ಇವತ್ತು ನೀರು ಕಾದಿಲ್ಲೇನು?" ಅಂದ್ರು.

ಆಗ ಗೊತ್ತಾತು.
ದಿನಾ ಚಿತ್ರ ಒಡದಾಗ
ಬೈಕೋತ ಎದ್ದು ನಾನು ನೀರಿಡತಿದ್ದೆ.

ಈಗ ಟೀವಿ ನೋಡುವಾಗ
ಒಂದು ಅಂಗಾಲು ನೆಲಕ್ಕ ಹಚ್ಚಿ ಕೂಡತೀನಿ.